ಕೀಬೋರ್ಡ್ ಸ್ಟ್ಯಾಂಡ್ ಆಯ್ಕೆ: ಎತ್ತರ ಮೊದಲು, ಬೆಲೆ ಆಮೇಲೆ

ಮಕ್ಕಳಿಗೆಂದು ಕೀಬೋರ್ಡ್ ಕೊಳ್ಳಲು ಹೊರಟವರು 61 ಕೀಗಳು ಸಾಕೇ, 88 ಬೇಕೇ, ಯಮಾಹಾ ಒಳ್ಳೆಯದೇ, ಕ್ಯಾಸಿಯೋ ಒಳ್ಳೆಯದೇ ಎಂದು ವಾರಗಟ್ಟಲೆ ವಿಚಾರಿಸುತ್ತಾರೆ. ಸ್ಟ್ಯಾಂಡಿನ ಸರದಿ ಬರುವುದು ಬಿಲ್ ಬರೆಯುವ ಹೊತ್ತಿಗೆ. ಉಳಿದ ಹಣಕ್ಕೆ ಹೊಂದುವಂತೆ ಅಂಗಡಿಯವರು ಮೂಲೆಯಿಂದ ತೆಗೆದುಕೊಡುವ ಕಪ್ಪು ಕೊಳವೆಯ ಕತ್ತರಿ ಸ್ಟ್ಯಾಂಡ್ ವಾದ್ಯದೊಂದಿಗೆ ಮನೆಗೆ ಬರುತ್ತದೆ. ಕೆಲವರು ಅದನ್ನೂ ಕೊಳ್ಳದೆ ಓದುವ ಮೇಜಿನ ಮೇಲೆಯೇ ವಾದ್ಯವನ್ನು ಇರಿಸುತ್ತಾರೆ. ಆರು ತಿಂಗಳ ನಂತರ ಮಗು ಭುಜ ನೋಯುತ್ತದೆಂದು ಹೇಳಿದಾಗ ಅದನ್ನು ಅಭ್ಯಾಸದ ಸೋಮಾರಿತನವೆಂದು ಭಾವಿಸುವವರೇ ಹೆಚ್ಚು.

ನುಡಿಸುವವರ ಮೊಣಕೈ, ಮಣಿಕಟ್ಟು ಮತ್ತು ಬೆನ್ನು ಯಾವ ಭಂಗಿಯಲ್ಲಿರಬೇಕೆಂಬುದನ್ನು ನಿರ್ಧರಿಸುವುದು ವಾದ್ಯವಲ್ಲ, ಅದರ ಕೆಳಗಿರುವ ಸ್ಟ್ಯಾಂಡ್. ಆದ್ದರಿಂದ ಬೆಲೆ, ಬಣ್ಣ, ಮಡಚುವ ಅನುಕೂಲ ಇವೆಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದದ್ದು ಎತ್ತರದ ಲೆಕ್ಕ.

ಅಳತೆ ಹೇಗೆ?

ನುಡಿಸಲು ಬಳಸುವ ಸ್ಟೂಲಿನ ಮೇಲೆಯೇ ನೆಟ್ಟಗೆ ಕುಳಿತು, ತೋಳುಗಳನ್ನು ಸಡಿಲವಾಗಿ ಇಳಿಬಿಟ್ಟು, ಮೊಣಕೈಯನ್ನು ಸಮಕೋನದಲ್ಲಿ ಮಡಚಬೇಕು. ನೆಲದಿಂದ ಮೊಣಕೈಯ ಕೆಳಭಾಗದವರೆಗೆ ಎಷ್ಟು ಎತ್ತರವೋ, ಬಿಳಿ ಕೀಗಳ ಮೇಲ್ಮೈ ಸುಮಾರು ಅಷ್ಟೇ ಎತ್ತರದಲ್ಲಿರಬೇಕು. ಮುಂಗೈ ಆಗ ನೆಲಕ್ಕೆ ಸಮಾನಾಂತರವಾಗಿರುತ್ತದೆ. ಈ ಅಳತೆಯಿಂದ ವಾದ್ಯದ ತಳದಿಂದ ಕೀಗಳವರೆಗಿನ ದಪ್ಪವನ್ನು ಕಳೆದರೆ ಸ್ಟ್ಯಾಂಡಿನ ಎತ್ತರ ಸಿಗುತ್ತದೆ. ಮೊಣಕೈ 70 ಸೆಂ.ಮೀ. ಎತ್ತರದಲ್ಲಿದ್ದು ವಾದ್ಯದ ದಪ್ಪ 9 ಸೆಂ.ಮೀ. ಇದ್ದರೆ, ಬೇಕಾದದ್ದು 61 ಸೆಂ.ಮೀ. ಎತ್ತರದ ಸ್ಟ್ಯಾಂಡ್.

ಅಕೌಸ್ಟಿಕ್ ಪಿಯಾನೋದ ಕೀಗಳು ನೆಲದಿಂದ ಸುಮಾರು 72ರಿಂದ 74 ಸೆಂ.ಮೀ. ಎತ್ತರದಲ್ಲಿರುತ್ತವೆ. ಮನೆಯ ಓದುವ ಮೇಜಿನ ಎತ್ತರವೇ 75 ಸೆಂ.ಮೀ. ಆಸುಪಾಸು. ಅದರ ಮೇಲೆ ಕೀಬೋರ್ಡ್ ಇಟ್ಟರೆ ಕೀಗಳು 84 ಸೆಂ.ಮೀ. ಮುಟ್ಟುತ್ತವೆ. ಈ 10 ಸೆಂ.ಮೀ. ವ್ಯತ್ಯಾಸವನ್ನು ತುಂಬಿಕೊಡುವುದು ಮಗುವಿನ ಭುಜ. ಭುಜ ಮೇಲೆತ್ತಿ, ಮಣಿಕಟ್ಟು ಕೆಳಗೆ ಜೋತು, ಬೆರಳುಗಳು ಚಪ್ಪಟೆಯಾಗಿ ನುಡಿಸುವ ಅಭ್ಯಾಸ ಒಮ್ಮೆ ಬೇರೂರಿದರೆ ಅದನ್ನು ತಿದ್ದಲು ಶಿಕ್ಷಕರು ಪಡುವ ಪಾಡು ಸಣ್ಣದಲ್ಲ.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ಮಗು ಬೆಳೆಯುತ್ತದೆ, ಸ್ಟ್ಯಾಂಡ್ ಬೆಳೆಯುವುದಿಲ್ಲ. ಸ್ಟ್ಯಾಂಡಿನ ಎತ್ತರ ಬದಲಿಸುವಂತಿದ್ದರೆ ಒಳ್ಳೆಯದು. ಇಲ್ಲವಾದರೆ ಆಸನವನ್ನು ಎತ್ತರಿಸಿ, ನೇತಾಡುವ ಕಾಲುಗಳ ಕೆಳಗೆ ಮರದ ಮಣೆಯೊಂದನ್ನು ಇಡಬೇಕು. ಕಾಲಿಗೆ ಆಧಾರವಿಲ್ಲದೆ ಕುಳಿತ ಮಗುವಿನ ಬೆನ್ನು ಹೆಚ್ಚು ಹೊತ್ತು ನೆಟ್ಟಗೆ ನಿಲ್ಲದು.

ಕತ್ತರಿ ಸ್ಟ್ಯಾಂಡಿನ ಒಳಗುಟ್ಟು

ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಕಾಣಸಿಗುವುದು ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರದ ಸ್ಟ್ಯಾಂಡ್. ಅಗ್ಗ, ಹಗುರ, ಮಡಚಿದರೆ ಬಾಗಿಲ ಹಿಂದೆ ನಿಲ್ಲುತ್ತದೆ. ಆದರೆ ಅದರ ಜ್ಯಾಮಿತಿಯಲ್ಲಿಯೇ ಒಂದು ತೊಡಕಿದೆ. ಎತ್ತರ ಮತ್ತು ಅಗಲಗಳು ಒಂದಕ್ಕೊಂದು ಕಟ್ಟುಬಿದ್ದಿವೆ. ಎತ್ತರಿಸಿದರೆ ಅಗಲ ಕಡಿಮೆಯಾಗುತ್ತದೆ, ತಗ್ಗಿಸಿದರೆ ಅಗಲ ಹೆಚ್ಚುತ್ತದೆ.

ಕೊಳವೆಗಳು ಒಂದೊಂದು ಮೀಟರ್ ಉದ್ದವಿವೆಯೆಂದು ಇಟ್ಟುಕೊಳ್ಳೋಣ. ನಿಂತು ನುಡಿಸಲೆಂದು 90 ಸೆಂ.ಮೀ. ಎತ್ತರಕ್ಕೆ ಏರಿಸಿದರೆ ಎರಡು ತೋಳುಗಳ ನಡುವಿನ ಅಂತರ 44 ಸೆಂ.ಮೀ.ಗೆ ಇಳಿಯುತ್ತದೆ. 88 ಕೀಗಳ ಡಿಜಿಟಲ್ ಪಿಯಾನೋ ಸುಮಾರು 132 ಸೆಂ.ಮೀ. ಉದ್ದ. ಅಂದರೆ ಎರಡೂ ಬದಿಗೆ 44 ಸೆಂ.ಮೀ.ನಷ್ಟು ವಾದ್ಯ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಬಲಗೊನೆಯ ಕೀಗಳನ್ನು ಜೋರಾಗಿ ಒತ್ತಿದರೆ ತಕ್ಕಡಿಯಂತೆ ವಾಲುವುದಕ್ಕೆ ಇದೇ ಕಾರಣ.

ಅದೇ ಸ್ಟ್ಯಾಂಡನ್ನು ಕುಳಿತು ನುಡಿಸಲು 61 ಸೆಂ.ಮೀ.ಗೆ ತಗ್ಗಿಸಿದರೆ ಅಗಲ 79 ಸೆಂ.ಮೀ. ಆಗುತ್ತದೆ, ಅಲುಗಾಟ ಬಹಳಮಟ್ಟಿಗೆ ನಿಲ್ಲುತ್ತದೆ. ಆದರೆ ಕೊಳವೆಗಳು ಕೂಡುವ ಕೀಲು ಈಗ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಸರಿಯಾಗಿ ನುಡಿಸುವವರ ಎರಡು ಕಾಲುಗಳ ನಡುವೆ ಬಂದು ನಿಲ್ಲುತ್ತದೆ. ಕಾಲನ್ನು ಮುಂದಕ್ಕೆ ಚಾಚಲು ಜಾಗವಿಲ್ಲದೆ ಅವರು ಸ್ಟೂಲನ್ನು ಹಿಂದಕ್ಕೆ ಸರಿಸುತ್ತಾರೆ, ಕೈ ಚಾಚಿ ಬಾಗಿ ನುಡಿಸುತ್ತಾರೆ. ಸಸ್ಟೇನ್ ಪೆಡಲ್ ಇದ್ದರಂತೂ ಪಾದವನ್ನು ಓರೆಯಾಗಿ ಇಡಬೇಕಾಗುತ್ತದೆ. ಪ್ರತಿದಿನ ಗಂಟೆಗಟ್ಟಲೆ ಕುಳಿತು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಈ ಸ್ಟ್ಯಾಂಡ್ ಹೊಂದುವುದಿಲ್ಲ ಎನ್ನಲು ಇಷ್ಟು ಸಾಕು.

ಹಾಗೆಂದು ಅದನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಐದಾರು ಕೆ.ಜಿ.ಯ 61 ಕೀಗಳ ವಾದ್ಯವನ್ನು ಭಜನೆಗೋ ಚರ್ಚಿನ ಗಾಯನಕ್ಕೋ ಕೊಂಡೊಯ್ದು ಒಂದು ಗಂಟೆ ನುಡಿಸಿ ಬರುವವರಿಗೆ ಇದಕ್ಕಿಂತ ಅನುಕೂಲದ್ದು ಬೇರೆಯಿಲ್ಲ. ಅಂಥವರು ಒಂಟಿ ಕೊಳವೆಯದನ್ನು ಬಿಟ್ಟು ಜೋಡಿ ಕೊಳವೆಯದನ್ನೇ ಕೊಳ್ಳಬೇಕು. ಬೀಗದ ವ್ಯವಸ್ಥೆಯನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬೇಕು. ಪಿನ್ ರಂಧ್ರದೊಳಗೆ ಪೂರ್ತಿ ಕೂರದೆ ಅಂಚಿನಲ್ಲಿ ನಿಂತಿರುವುದು ಕಣ್ಣಿಗೆ ಕಾಣುವುದಿಲ್ಲ. ವಾದ್ಯದ ಭಾರ ಬಿದ್ದ ಮೇಲೆ ಜಾರುತ್ತದೆ. ವಾದ್ಯವನ್ನು ಇಡುವ ಮೊದಲು ಸ್ಟ್ಯಾಂಡಿನ ಎರಡೂ ತೋಳುಗಳನ್ನು ಅಂಗೈಯಿಂದ ಬಲವಾಗಿ ಒತ್ತಿ ನೋಡುವುದು ಪ್ರತಿಸಲವೂ ಮಾಡಬೇಕಾದ ಕೆಲಸ.

ಮೇಜು, ಝಡ್, ಮರದ ಚೌಕಟ್ಟು

ಮನೆಯಲ್ಲಿಯೇ ಉಳಿಯುವ ವಾದ್ಯಕ್ಕೆ ಝಡ್ ಆಕಾರದ ಅಥವಾ ನಾಲ್ಕು ಕಾಲಿನ ಮೇಜಿನ ಮಾದರಿಯ ಸ್ಟ್ಯಾಂಡ್ ಉತ್ತಮ. ಇವುಗಳಲ್ಲಿ ಎತ್ತರ ಮತ್ತು ಅಗಲವನ್ನು ಬೇರೆಬೇರೆಯಾಗಿ ಹೊಂದಿಸಬಹುದು, ಕಾಲಿಗೆ ಅಡ್ಡಿಯಿಲ್ಲ. ತೂಕ ಹೆಚ್ಚು, ಬೆಲೆಯೂ ಹೆಚ್ಚು, ಮೆಟ್ಟಿಲು ಹತ್ತಿಸುವುದು ಕಷ್ಟ. ಜರ್ಮನಿಯ ವರ್ಟ್‌ಹೈಮ್‌ನಲ್ಲಿ 1949ರಲ್ಲಿ ಆರಂಭವಾದ ಕೋನಿಗ್ ಅಂಡ್ ಮೇಯರ್ ಸಂಸ್ಥೆಯ ಒಮೆಗಾ ಈ ಮೇಜಿನ ವರ್ಗದಲ್ಲಿ ಹೆಸರಾದುದು. ಅಷ್ಟು ಬೆಲೆ ತೆರಲಾಗದವರು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಕೊಳವೆಯಿಂದ ತಮ್ಮ ಅಳತೆಗೆ ಮಾಡಿಸಿಕೊಳ್ಳಬಹುದು. ಮೇಲ್ಗಡೆ ರಬ್ಬರ್ ಪಟ್ಟಿ, ಮುಂದೆ ವಾದ್ಯ ಜಾರದಂತೆ ಸಣ್ಣ ತಡೆ ಇದ್ದರೆ ಆಯಿತು. 61 ಸೆಂ.ಮೀ. ಎಂದು ಬರೆದುಕೊಟ್ಟರೆ ಸಾಲದು, ವಾದ್ಯವನ್ನೇ ಒಯ್ದು ತೋರಿಸುವುದು ಕ್ಷೇಮ.

ಡಿಜಿಟಲ್ ಪಿಯಾನೋಗಳಿಗೆ ತಯಾರಕರೇ ಮರದ ಚೌಕಟ್ಟು ಮಾರುತ್ತಾರೆ. ವಾದ್ಯವನ್ನು ಸ್ಕ್ರೂಗಳಿಂದ ಬಿಗಿಯುವುದರಿಂದ ಅಲುಗಾಟದ ಪ್ರಶ್ನೆಯೇ ಇಲ್ಲವೆನ್ನಬಹುದು. ಆದರೆ ಪ್ರತಿ ಮಾದರಿಗೂ ಚೌಕಟ್ಟು ಬೇರೆ. ಯಮಾಹಾ ಪಿ-45ಕ್ಕೆ ಎಲ್-85, ಪಿ-125ಕ್ಕೆ ಎಲ್-125, ಪಿ-225ಕ್ಕೆ ಎಲ್-200. ಮುಂದೆ ವಾದ್ಯ ಬದಲಿಸಿದರೆ ಚೌಕಟ್ಟು ವ್ಯರ್ಥವಾಗುವ ಸಂಭವವಿದೆ. ಮೂರು ಪೆಡಲ್‌ಗಳ ಘಟಕ ಬೇಕೆನ್ನುವವರು ತಮ್ಮ ವಾದ್ಯ ಅದನ್ನು ಸ್ವೀಕರಿಸುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಪಿ-125ರಲ್ಲಿ ಆ ಸೌಲಭ್ಯವಿದೆ, ಪಿ-45ರಲ್ಲಿ ಇಲ್ಲ.

ರಸಮಂಜರಿ ಕಾರ್ಯಕ್ರಮಗಳಲ್ಲಿ ಎರಡು ವಾದ್ಯಗಳನ್ನು ಒಂದರ ಮೇಲೊಂದು ಇಟ್ಟು ನುಡಿಸುವ ಕಲಾವಿದರ ಲೆಕ್ಕ ಬೇರೆ. ಭಾರದ ವಾದ್ಯ ಕೆಳಗೆ, ಹಗುರದ್ದು ಮೇಲೆ ಎಂಬುದು ಮೊದಲ ನಿಯಮ. ಗಣೇಶೋತ್ಸವದ ಹಲಗೆಯ ವೇದಿಕೆ ನೃತ್ಯದ ಹೆಜ್ಜೆಗೆ ಪುಟಿಯುತ್ತದೆ, ಸಮತಟ್ಟಾಗಿಯೂ ಇರುವುದಿಲ್ಲ. ಪಾದಗಳಲ್ಲಿ ತಿರುಗಿಸಿ ಹೊಂದಿಸಬಹುದಾದ ಮುಚ್ಚಳವಿರುವ ಸ್ಟ್ಯಾಂಡ್ ಅಲ್ಲಿ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಶಾಸ್ತ್ರೀಯ ಸಂಗೀತ ನುಡಿಸುವವರಿಗೆ ಲೋಹದ ಸ್ಟ್ಯಾಂಡೇ ಬೇಡ. ಮೇಲಿನ ಲೆಕ್ಕ ಇಲ್ಲಿಯೂ ನಡೆಯುತ್ತದೆ. ನೆಲದಲ್ಲಿ ಕುಳಿತ ವಯಸ್ಕರ ಮೊಣಕೈ ಸುಮಾರು 22 ಸೆಂ.ಮೀ. ಎತ್ತರದಲ್ಲಿರುತ್ತದೆ, 9 ಸೆಂ.ಮೀ. ದಪ್ಪದ ವಾದ್ಯಕ್ಕೆ 13 ಸೆಂ.ಮೀ. ಎತ್ತರದ ಉದ್ದನೆಯ ಮರದ ಮಣೆ ಸರಿಹೋಗುತ್ತದೆ.

ತೂಕದ ಅಂಕಿ ನಂಬಬಹುದೇ?

ಪೆಟ್ಟಿಗೆಯ ಮೇಲೆ 50 ಕೆ.ಜಿ. ಎಂದು ಬರೆದಿದ್ದರೆ, ನಡುವೆ ಇಟ್ಟ ನಿಶ್ಚಲ ಭಾರವನ್ನು ಅದು ಹೊರುತ್ತದೆ ಎಂದಷ್ಟೇ ಅರ್ಥ ಮಾಡಿಕೊಳ್ಳುವುದು ಒಳ್ಳೆಯದು. ಯಮಾಹಾ ಪಿ-45ರ ತೂಕ 11.5 ಕೆ.ಜಿ., ರೋಲ್ಯಾಂಡ್ ಎಫ್‌ಪಿ-30ಎಕ್ಸ್ 14.8 ಕೆ.ಜಿ. ಈ ಭಾರಕ್ಕೆ ಕೊಳವೆ ಮುರಿಯುವುದಿಲ್ಲ. ತೊಂದರೆ ಕೊಡುವುದು ಅಲುಗಾಟ, ಮತ್ತು ಅಲುಗಾಟದ ಅಂಕಿ ಯಾವ ಪೆಟ್ಟಿಗೆಯ ಮೇಲೂ ಇರುವುದಿಲ್ಲ. ಅಂಗಡಿಯಲ್ಲಿ ತಮ್ಮ ವಾದ್ಯದಷ್ಟೇ ಉದ್ದದ್ದನ್ನು ಸ್ಟ್ಯಾಂಡಿನ ಮೇಲೆ ಇಡಿಸಿ, ಎರಡೂ ತುದಿಯ ಕೀಗಳನ್ನು ಗಟ್ಟಿಯಾಗಿ ನುಡಿಸಿ, ಬಳಿಕ ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡುವುದೊಂದೇ ದಾರಿ.

ಹಳೆಯ ಸ್ಟ್ಯಾಂಡ್ ಕೊಳ್ಳುವವರು ರಬ್ಬರ್ ಮುಚ್ಚಳಗಳನ್ನು ಮೊದಲು ನೋಡಬೇಕು. ಅವು ಕಳಚಿಹೋಗಿದ್ದರೆ ಗ್ರಾನೈಟ್ ನೆಲದ ಮೇಲೆ ಸ್ಟ್ಯಾಂಡ್ ತಾನಾಗಿ ಸರಿಯುತ್ತದೆ. ಹೊಸ ಮುಚ್ಚಳಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತವೆ. ಕೀಲಿನ ರಂಧ್ರ ಸವೆದು ದೊಡ್ಡದಾಗಿದ್ದರೆ ಮಾತ್ರ ಅದನ್ನು ಅಲ್ಲಿಯೇ ಬಿಟ್ಟುಬರುವುದು ಲೇಸು.