ಕೋರ್ಸು, ಕಾಲೇಜು ಮತ್ತು ಸಂಬಳ: ಆಯ್ಕೆಯ ಫಲವನ್ನು ಅಳೆಯುವ ಬಗೆ

ಹೆಸರಾಂತ ವಿಶ್ವವಿದ್ಯಾಲಯಗಳ ಪದವೀಧರರು ಸರಾಸರಿಯಲ್ಲಿ ಹೆಚ್ಚು ಗಳಿಸುತ್ತಾರೆ. ಆ ಹೆಚ್ಚಳದಲ್ಲಿ ಸಂಸ್ಥೆ ಕೊಟ್ಟದ್ದೆಷ್ಟು, ವಿದ್ಯಾರ್ಥಿ ಮನೆಯಿಂದಲೂ ಶಾಲೆಯಿಂದಲೂ ತಂದದ್ದೆಷ್ಟು ಎಂಬುದು ಸರಾಸರಿಯಿಂದ ತಿಳಿಯುವುದಿಲ್ಲ. ಪ್ರವೇಶದಲ್ಲೇ ಜಾಣರನ್ನು ಆರಿಸಿಕೊಳ್ಳುವ ಸಂಸ್ಥೆಯ ವಿದ್ಯಾರ್ಥಿಗಳು ಬೇರೆಡೆ ಓದಿದ್ದರೂ ಚೆನ್ನಾಗಿಯೇ ಗಳಿಸುತ್ತಿದ್ದಿರಬಹುದು. ಈ ಎರಡು ಪಾಲುಗಳನ್ನು ಬೇರ್ಪಡಿಸಿದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕೋರ್ಸಿನ ಪ್ರಭಾವ ನಿಚ್ಚಳವಾಗಿ ಕಾಣುತ್ತದೆ. ಸಂಸ್ಥೆಯ ಪ್ರಭಾವ ಮಾತ್ರ ಓದುವವರು ಯಾರು ಎಂಬುದರ ಮೇಲೆ ನಿಲ್ಲುತ್ತದೆ.

ಇಂಗ್ಲೆಂಡಿನಲ್ಲಿ ಶಾಲೆ, ವಿಶ್ವವಿದ್ಯಾಲಯ ಮತ್ತು ತೆರಿಗೆಯ ದಾಖಲೆಗಳನ್ನು ಪರಸ್ಪರ ಜೋಡಿಸಲಾಗಿದೆ. ಇವನ್ನು ಆಧರಿಸಿದ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್‌ನ 2018ರ ವರದಿಯ ಪ್ರಕಾರ, ಉನ್ನತ ಶಿಕ್ಷಣಕ್ಕೆ ಹೋದ ಗಂಡಸರು 29ನೇ ವಯಸ್ಸಿನಲ್ಲಿ ಹೋಗದವರಿಗಿಂತ ಸುಮಾರು ಶೇ 25ರಷ್ಟು, ಹೆಂಗಸರು ಸುಮಾರು ಶೇ 50ರಷ್ಟು ಹೆಚ್ಚು ಗಳಿಸುತ್ತಿದ್ದರು. ಶಾಲೆಯ ಅಂಕ ಹಾಗೂ ಕುಟುಂಬದ ಹಿನ್ನೆಲೆಯನ್ನು ಲೆಕ್ಕಕ್ಕೆ ತಂದಾಗ ಈ ಅಂತರ ಕ್ರಮವಾಗಿ ಶೇ 6 ಮತ್ತು ಶೇ 26ಕ್ಕೆ ಇಳಿಯಿತು. ತೆರಿಗೆ ದಾಖಲೆಯಲ್ಲಿ ದುಡಿದ ಗಂಟೆಗಳ ವಿವರ ಇರುವುದಿಲ್ಲ. ಆದ್ದರಿಂದ ಹೆಂಗಸರ ಹೆಚ್ಚಳದಲ್ಲಿ ಹೆಚ್ಚು ಹೊತ್ತಿನ ದುಡಿಮೆಯ ಪಾಲೂ ಸೇರಿರಬಹುದು. ಅದೇ ಸಂಸ್ಥೆ 2020ರಲ್ಲಿ ಇಡೀ ಜೀವಮಾನದ ಗಳಿಕೆಯನ್ನು ಅಂದಾಜು ಮಾಡಿತು. ವೈದ್ಯಕೀಯ, ಅರ್ಥಶಾಸ್ತ್ರಗಳ ಲಾಭ ದೊಡ್ಡದಾಗಿತ್ತು. ಸೃಜನಶೀಲ ಕಲೆಗಳದು ಸರಾಸರಿಯಲ್ಲಿ ತೀರ ಅತ್ಯಲ್ಪ. ಹಣವನ್ನಷ್ಟೇ ನೋಡಿದರೆ ಸುಮಾರು ಐವರಲ್ಲಿ ಒಬ್ಬರಿಗೆ ಪದವಿ ನಷ್ಟದ ಬಾಬತ್ತೇ.

ಅಂಕ, ಹಿನ್ನೆಲೆಗಳನ್ನು ಸರಿದೂಗಿಸಿದರೂ ಕಣ್ಣಿಗೆ ಬೀಳದ ಛಲ, ಅಭಿರುಚಿಗಳು ಉಳಿದೇ ಇರುತ್ತವೆ. ಕಿರ್ಕೆಬೋಯೆನ್, ಲ್ಯೂವೆನ್ ಮತ್ತು ಮೊಗ್‌ಸ್ಟಾಡ್ 2016ರಲ್ಲಿ ಈ ತೊಡಕನ್ನು ನಾರ್ವೆಯ ಕೇಂದ್ರೀಕೃತ ಪ್ರವೇಶ ವ್ಯವಸ್ಥೆಯ ನೆರವಿನಿಂದ ಬಿಡಿಸಿದರು. ಅಲ್ಲಿ ಅಭ್ಯರ್ಥಿಗಳು ಕೋರ್ಸು ಮತ್ತು ಸಂಸ್ಥೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದುಕೊಡುತ್ತಾರೆ. ಕಟಾಫ್‌ನ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ನಿಂತವರು ಹೆಚ್ಚುಕಡಿಮೆ ಒಂದೇ ಬಗೆಯವರು. ಒಬ್ಬರಿಗೆ ಬಯಸಿದ್ದು ಸಿಗುತ್ತದೆ, ಇನ್ನೊಬ್ಬರಿಗೆ ಎರಡನೆಯ ಆಯ್ಕೆ. ಹೀಗೆ ಹೋಲಿಸಿದಾಗ ಅಧ್ಯಯನ ವಿಷಯದ ಪರಿಣಾಮ ದೊಡ್ಡದಾಗಿಯೂ ಸಂಸ್ಥೆಯದು ಅದಕ್ಕಿಂತ ಚಿಕ್ಕದಾಗಿಯೂ ಕಂಡಿತು. ಒಂದು ಕೋರ್ಸಿನ ಲಾಭವೆಷ್ಟು ಎಂಬ ಪ್ರಶ್ನೆಗೆ, ಅದು ಸಿಗದಿದ್ದರೆ ಏನು ಓದುತ್ತಿದ್ದರು ಎಂದು ತಿಳಿಯದೆ ಉತ್ತರವಿಲ್ಲ ಎಂಬುದೂ ಖಚಿತವಾಯಿತು.

ಸಂಸ್ಥೆಯ ವಿಷಯದಲ್ಲಿ ಸಾಕ್ಷ್ಯಗಳು ಒಂದೇ ದಿಕ್ಕಿನಲ್ಲಿಲ್ಲ. ಅಮೆರಿಕದಲ್ಲಿ ಡೇಲ್ ಮತ್ತು ಕ್ರೂಗರ್ (2002), ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ ಪ್ರವೇಶ ಪಡೆದವರನ್ನು ಹೋಲಿಸಿದಾಗ, ಹೆಚ್ಚು ಆಯ್ದು ಸೇರಿಸಿಕೊಳ್ಳುವ ಕಾಲೇಜಿನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ; ಬಡ ಕುಟುಂಬಗಳಿಂದ ಬಂದವರಿಗೆ ಮಾತ್ರ ಲಾಭವಿತ್ತು. ಚಿಲಿಯಲ್ಲಿ ಜಿಮ್ಮರ್‌ಮನ್ (2019) ಕಂಡದ್ದು ಇದಕ್ಕೆ ವಿರುದ್ಧ: ಪ್ರತಿಷ್ಠಿತ ಕೋರ್ಸುಗಳಿಂದ ಉನ್ನತ ಹುದ್ದೆಗೇರಿದವರು ದುಬಾರಿ ಖಾಸಗಿ ಶಾಲೆಗಳಿಂದ ಬಂದ ಗಂಡುಮಕ್ಕಳು. ಭಾರತದ ಬಗ್ಗೆ ಶೀತಲ್ ಸೇಖ್ರಿ (2020) ನಡೆಸಿದ ಅಧ್ಯಯನದಲ್ಲಿ ಪ್ರತಿಷ್ಠಿತ ಸರ್ಕಾರಿ ಕಾಲೇಜುಗಳಲ್ಲಿ ಓದಿದವರ ಸಂಬಳ ಹೆಚ್ಚಿತ್ತು, ಆದರೆ ಅಂತಿಮ ಪರೀಕ್ಷೆಯ ಅಂಕಗಳಲ್ಲಿ ವ್ಯತ್ಯಾಸವಿರಲಿಲ್ಲ. ಕಲಿಕೆ ಅಷ್ಟೇ ಇದ್ದು ಸಂಬಳ ಮಾತ್ರ ಏರಿದರೆ, ಉದ್ಯೋಗದಾತರು ಕಾಲೇಜಿನ ಹೆಸರಿಗೂ ಬೆಲೆ ಕಟ್ಟುತ್ತಿದ್ದಾರೆ ಎಂದೇ ಅರ್ಥ.

ಕಾಲೇಜುಗಳು ಪ್ರಚಾರ ಮಾಡುವ ಪ್ಲೇಸ್‌ಮೆಂಟ್ ಪ್ಯಾಕೇಜ್‌ಗಳು ಆಯ್ಕೆಯ ಫಲವನ್ನೂ ಆಯ್ಕೆಯಾದವರ ಗುಣವನ್ನೂ ಬೆರೆಸಿಯೇ ತೋರಿಸುತ್ತವೆ. ಅವನ್ನು ಬೇರ್ಪಡಿಸಬಲ್ಲ ಸಾಮಗ್ರಿ ಕರ್ನಾಟಕದಲ್ಲಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಸೀಟು ಹಂಚಿಕೆಯಲ್ಲಿ ಅಭ್ಯರ್ಥಿಗಳು ಆಪ್ಷನ್ ಎಂಟ್ರಿಯ ಮೂಲಕ ಕಾಲೇಜು, ಕೋರ್ಸುಗಳನ್ನು ಆದ್ಯತೆಯಂತೆ ದಾಖಲಿಸುತ್ತಾರೆ. ಮೀಸಲಾತಿಯ ಪ್ರತಿ ಪ್ರವರ್ಗಕ್ಕೂ ಬೇರೆ ಬೇರೆ ಕಟಾಫ್ ರ್‍ಯಾಂಕ್ ಉಂಟು. ಗುರುತು ಮರೆಸಿದ ಈ ದಾಖಲೆಗಳನ್ನು ನಂತರದ ಗಳಿಕೆಯೊಂದಿಗೆ ಜೋಡಿಸಿದರೆ, ಯಾವ ಕಾಲೇಜು, ಯಾವ ಕೋರ್ಸು, ಯಾವ ಹಿನ್ನೆಲೆಯವರಿಗೆ ಎಷ್ಟು ನೆರವಾಯಿತು ಎಂದು ಅಳೆಯಬಹುದು. ಮ್ಯಾನೇಜ್‌ಮೆಂಟ್ ಕೋಟಾದವರು ಈ ಲೆಕ್ಕದಿಂದ ಹೊರಗುಳಿಯುತ್ತಾರೆ, ಸೀಟು ಬಿಟ್ಟುಕೊಟ್ಟವರನ್ನು ಪ್ರತ್ಯೇಕವಾಗಿ ಪರಿಗಣಿಸಬೇಕಾಗುತ್ತದೆ. ಈ ಮಿತಿಗಳಿದ್ದರೂ, ಮಕ್ಕಳ ಓದಿಗೆ ಸಾಲ ಮಾಡುವ ಕುಟುಂಬಗಳಿಗೆ ಇಂಥ ಅಳತೆ ಪ್ಯಾಕೇಜ್‌ಗಳ ಜಾಹೀರಾತಿಗಿಂತ ನಂಬಲರ್ಹ.