ಆಗರದ ನೆಲ

ನವಿ ಮುಂಬಯಿಯ ತೀನ್ ಟಾಕಿಯಿಂದ ಕೋಪರಖೈರಣೆಯ ಹಳೇ ಗಾಂವಿನ ಕಡೆ ನಡೆದು ಹೋದರೆ ಒಂದು ಕಡೆ ರಸ್ತೆ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ. ಅಲ್ಲಿಯತನಕ ನಗರ ಕಟ್ಟುವ ಸರಕಾರಿ ನಿಗಮ ಸಿಡ್ಕೋ ಗೆರೆ ಎಳೆದ ಸೆಕ್ಟರುಗಳು, ನಂಬರು ಹಾಕಿದ ಸಾಲುಮನೆಗಳು. ಅಲ್ಲಿಂದಾಚೆ ಓಣಿ ತನಗೆ ತೋಚಿದ ಕಡೆ ತಿರುಗುತ್ತದೆ. ಅಂಗಳದಲ್ಲಿ ತುಳಸಿಕಟ್ಟೆ, ಚಾಪೆಯ ಮೇಲೆ ಒಣಹಾಕಿದ ಸೀಗಡಿ. ಕುಮಟೆಯ ಕಡೆಯಿಂದ ಬಂದ ನನಗೆ ಈ ಊರಿನ ಜತೆ ಮೊದಲ ಪರಿಚಯವಾದದ್ದು ಆ ವಾಸನೆಯಿಂದಲೇ.

ಈ ಊರಿಗೆ ಹೆಚ್ಚೆಂದರೆ ಐದಾರು ದಶಕದ ಚರಿತ್ರೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. 1970ರ ಮಾರ್ಚ್‌ನಲ್ಲಿ ಸಿಡ್ಕೋ ಹುಟ್ಟಿತು, ಆಮೇಲೆ ಊರು ಬಂತು ಎಂಬ ಲೆಕ್ಕ. ಆದರೆ ಥಾಣೆ ಖಾಡಿಯ ದಂಡೆಯಲ್ಲಿ ಆಗ್ರಿ, ಕೋಳಿ ಜನ ಅದಕ್ಕೂ ಎಷ್ಟೋ ತಲೆಮಾರುಗಳ ಮುಂಚಿನಿಂದ ಇದ್ದವರು. ಕೋಳಿಗಳದ್ದು ಮೀನು, ಆಗ್ರಿಗಳದ್ದು ಭತ್ತ ಮತ್ತು ಉಪ್ಪು. ಆಗ್ರಿ ಎಂಬ ಹೆಸರನ್ನು ಉಪ್ಪಿನ ಆಗರಕ್ಕೇ ಜೋಡಿಸಿ ಹೇಳುವುದುಂಟು. ಆಗರ ನಮಗೇನು ಹೊಸ ಶಬ್ದವೇ? ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪು ತೆಗೆಯುವುದು ಆಗರದಲ್ಲೇ, ಅಲ್ಲಿ ದುಡಿಯುತ್ತ ಬಂದವರು ಆಗೇರರು. ಉಪ್ಪುನೀರಿಗೆ ಒಡ್ಡು ಕಟ್ಟಿ ಭತ್ತ ಬೆಳೆಯುವ ಭೂಮಿ ಇಲ್ಲಿಯವರಿಗೆ ಖಾರ್ ಜಮೀನು, ಅಘನಾಶಿನಿಯ ದಂಡೆಯ ನಮಗೆ ಗಜನಿ. ಗಜನಿಯಲ್ಲಿ ಕಗ್ಗ ಭತ್ತ ಬಿತ್ತಿದ ಮನೆಯವನಿಗೆ ಈ ನೆಲ ಪರಸ್ಥಳ ಅನ್ನಿಸುವುದೇ ಇಲ್ಲ.

1965ರಲ್ಲಿ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಇಂಜಿನಿಯರ್ ಶಿರೀಷ್ ಪಟೇಲ್ ಮೂವರೂ ಸೇರಿ ಮುಂಬಯಿಯ ಎದುರು ದಂಡೆಯಲ್ಲಿ ಹೊಸ ನಗರ ಕಟ್ಟುವ ವಿಚಾರವನ್ನು ‘ಮಾರ್ಗ್’ ಪತ್ರಿಕೆಯಲ್ಲಿ ಮುಂದಿಟ್ಟರು. ಅದಕ್ಕೆ 95 ಹಳ್ಳಿಗಳ ಭೂಮಿ ಬೇಕಾಯಿತು. ಗದ್ದೆ ಹೋಯಿತು, ಕೈಗೆ ಬಂದ ಪರಿಹಾರ ಸಾಲಲಿಲ್ಲ. ರೈತರು ತಮ್ಮ ನಾಯಕ ದಿ. ಬಾ. ಪಾಟೀಲರ ಬೆನ್ನಿಗೆ ನಿಂತರು. 1984ರ ಜನವರಿ 16 ಮತ್ತು 17ರಂದು ಉರಣ ತಾಲೂಕಿನ ಜಾಸಯಿ ಕಡೆ ಗೋಲಿಬಾರು ನಡೆದು ಐವರು ಪ್ರಾಣ ಬಿಟ್ಟರು. ಭೂಮಿ ಕಳೆದುಕೊಂಡವರಿಗೆ ಅದರ ಶೇ. 12.5ರಷ್ಟು ಅಭಿವೃದ್ಧಿಯಾದ ಜಾಗವನ್ನು ಹಿಂದಿರುಗಿಸುವ ಯೋಜನೆ ಬಂದದ್ದು ಆ ಹೋರಾಟದಿಂದ. ಮನೆ ಹುಡುಕುವಾಗ ದಲಾಲರು ಸಲೀಸಾಗಿ ‘ಸಾಡೇಬಾರಾ ಟಕ್ಕೆ ಪ್ಲಾಟು’ ಅನ್ನುತ್ತಾರಲ್ಲ, ಆ ಮಾತಿನ ಹಿಂದೆ ಇಷ್ಟು ನೆತ್ತರಿದೆ. ನಮ್ಮ ಮಕ್ಕಳಿಗೆ ಇದನ್ನು ನಾವು ಹೇಳಲೇಬೇಕು.

ಆಮೇಲೆ ಬಂದವರಲ್ಲಿ ಮಾಥಾಡಿಗಳು ಮುಖ್ಯರು. ಮುಂಬಯಿಯ ಗೋದಾಮುಗಳಲ್ಲಿ ಮೂಟೆ ಹೊರುತ್ತಿದ್ದ, ಬಹುಪಾಲು ಸಾತಾರಾ, ಸಾಂಗ್ಲಿ ಕಡೆಯ ಜನ. ಅಣ್ಣಾಸಾಹೇಬ ಪಾಟೀಲರು ಅವರನ್ನು ಒಗ್ಗೂಡಿಸಿದ್ದರಿಂದ 1969ರಲ್ಲಿ ಮಾಥಾಡಿ ಕಾಯ್ದೆ ಬಂತು. ಸಗಟು ಮಾರುಕಟ್ಟೆ ವಾಶಿಗೆ ಬಂದಾಗ ಅವರ ಸಂಸಾರಗಳು ಇಲ್ಲಿನ ಚಿಕ್ಕ ಚಿಕ್ಕ ಮನೆಗಳಲ್ಲಿ ನೆಲೆಯೂರಿದವು. ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆ, ಕ್ಯಾಂಟೀನು, ಹೋಟೆಲುಗಳ ದಾರಿ ಹಿಡಿದು ಬಂದವರು ನಮ್ಮ ಕನ್ನಡದವರು. 2004ರಲ್ಲಿ ಥಾಣೆ-ವಾಶಿ ಲೋಕಲ್ ಓಡತೊಡಗಿದ ಮೇಲೆ ಊರು ತುಂಬಿಕೊಂಡಿತು.

ಗಾಂವಿನ ತಿರುವಿನಲ್ಲಿ ಮೀನಿನ ಬುಟ್ಟಿ ಇಟ್ಟು ಕೂರುವ ಒಬ್ಬ ಆಜಿಯ ಹತ್ತಿರ ನಾನು ನಿವಟಿ ಕೊಳ್ಳುತ್ತೇನೆ. ಕಾಂಡ್ಲ ಗಿಡಗಳ ಬುಡದ ಕೆಸರಿನಲ್ಲಿ ಬಿಲ ತೋಡಿಕೊಂಡು, ಜಿಗಿದಾಡುವ ಪುಟ್ಟ ಮೀನು ಅದು. “ಆಜೀ, ನಿಮ್ಮ ಗದ್ದೆ ಎಲ್ಲಿತ್ತು?” ಎಂದು ಒಮ್ಮೆ ಕೇಳಿದೆ. ಕೈಯಲ್ಲಿದ್ದ ಕತ್ತಿಯಿಂದಲೇ ಸ್ಟೇಷನ್ನಿನ ಕಡೆ ತೋರಿಸಿ, ಮತ್ತೆ ಮೀನು ಹಸನು ಮಾಡತೊಡಗಿದರು.