ಆರಿದ ಬತ್ತಿಯ ವಾಸನೆ

ಮೊದಲ ಮಳೆಗೆ ಎರೆಮಣ್ಣು ನೆನೆದ ವಾಸನೆ ಬಂತೆಂದರೆ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಹೆಣ್ಣುಮಕ್ಕಳಿಗೆ ತವರು ನೆನಪಾಗುತ್ತದೆ. ವಾಸನೆ, ಸಪ್ಪಳ, ರುಚಿಗಳು ನೆನಪನ್ನು ಎಬ್ಬಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ಊರಿನ ಚರಿತ್ರೆಯೂ ಹೀಗೆಯೇ ನಮ್ಮೊಳಗೆ ಉಳಿದಿರುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ.

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮುಂದಿನ ಹದಿಮೂರು ತಿಂಗಳು ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಕುಟುಂಬಗಳು ಮಕ್ಕಳುಮರಿ ಕಟ್ಟಿಕೊಂಡು ಗಡಿ ದಾಟಿದವು. 1948ರ ಸೆಪ್ಟೆಂಬರ್ 13ರಂದು ಶುರುವಾದ ಪೊಲೀಸ್ ಕಾರ್ಯಾಚರಣೆ 17ಕ್ಕೆ ಮುಗಿಯಿತು. ಶಾಲೆಯಲ್ಲಿ ನಾನು ಮಕ್ಕಳಿಗೆ ಹೇಳುವ ಪಾಠವೂ ಅಲ್ಲಿಗೇ ಮುಗಿಯುತ್ತದೆ.

ನಮ್ಮ ಆಯಿಗೆ ಮಾತ್ರ ಅದು ಮುಗಿದಿರಲಿಲ್ಲ. ನಾನು ಸಣ್ಣವಳಿದ್ದಾಗ, ಎಲ್ಲ ಆಗಿಹೋಗಿ ಮೂವತ್ತು ವರ್ಷವಾಗಿದ್ದರೂ, ರಾತ್ರಿ ಲಾರಿಯ ಸಪ್ಪಳ ಕೇಳಿದರೆ ಸಾಕು, ಉಣ್ಣುತ್ತಿದ್ದವಳು ಎದ್ದು ಚಿಮಣಿ ಊದಿ ಆರಿಸುತ್ತಿದ್ದಳು. ಯಾಕೆಂದರೆ, "ಸುಮ್ಕ ಕುಂದ್ರವ್ವಾ" ಅನ್ನುವಳು. ಕತ್ತಲಲ್ಲಿ ಬತ್ತಿಯ ಹೊಗೆ ತುಂಬುತ್ತಿತ್ತು, ನಾನು ಅವಳ ಸೆರಗಿನೊಳಗೆ ಸೇರುತ್ತಿದ್ದೆ. ಆ ವಾಸನೆ ಅವಳಿಗೆ ಭಯ. ನನಗೆ ಇವತ್ತಿಗೂ ಆಯಿಯ ಮಡಿಲು.

ಊಟಕ್ಕೆ ಮುಂಚೆ ಒಂದೇ ಸಪ್ಪಳವನ್ನು ಮತ್ತೆ ಮತ್ತೆ ಕೇಳಿಸಿದರೆ, ಆಮೇಲೆ ಬರೀ ಸಪ್ಪಳಕ್ಕೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ರಷ್ಯಾದ ಪಾವ್ಲೋವ್ ತೋರಿಸಿದ್ದನ್ನು ಬಿ.ಇಡಿ.ಯಲ್ಲಿ ಓದಿದ್ದೆವು. ಭಯಕ್ಕೆ ಅಷ್ಟು ಸಲವೂ ಬೇಕಿಲ್ಲ, ಒಮ್ಮೆ ಆದದ್ದೇ ಸಾಕಾಗಬಹುದು. ಮೆದುಳಿನಲ್ಲಿ ಅಮಿಗ್ಡಲಾ ಎಂಬ ಬಾದಾಮಿಯಾಕಾರದ ಭಾಗವಿದೆ. ಭಯದ ಗುರುತುಗಳನ್ನು ಕಲಿಯುವುದರಲ್ಲಿ ಅದರ ಪಾತ್ರ ದೊಡ್ಡದು. ವಾಸನೆಯ ನರಗಳಿಗೆ ಅದರೊಂದಿಗೆ ನೇರ ಸಂಪರ್ಕವಿದೆ. ಹಾಗಾಗಿ ಬುದ್ಧಿ 'ಇದು ಹತ್ತಿಯ ಲಾರಿ' ಎಂದು ತಿಳಿಯುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ.

ಈ ಅಂಜಿಕೆ ಒಂದೇ ಜಾತಿಯವರದಲ್ಲ. ಕಾರ್ಯಾಚರಣೆಯ ನಂತರ ಮುಸ್ಲಿಂ ಕುಟುಂಬಗಳ ಮೇಲೂ ದಾಳಿಗಳಾದವು. ಭಾರತ ಸರಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಹೆಸರಿಸಿತು. ಆಗ ನಮ್ಮ ಮೂರೂ ಊರುಗಳು ಅದೇ ಜಿಲ್ಲೆಯಲ್ಲಿದ್ದವು. ಬಾಗಿಲು ಬಡಿದ ಸದ್ದಿಗೆ ಬೆಚ್ಚುವ ಮುದುಕಿಯರು ಎರಡೂ ಓಣಿಗಳಲ್ಲಿದ್ದರು.

ಅಂದು ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳು ಬರೆದಿಟ್ಟದ್ದು ತೀರ ಕಡಿಮೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಥವರಿದ್ದರೆ ಹತ್ತಿರ ಕೂತು ಮಾತಾಡಿಸಿ. ಇಸವಿ, ತಾರೀಖು ಅವರಿಗೆ ನೆನಪಿರಲಿಕ್ಕಿಲ್ಲ. ಯಾವ ಸಪ್ಪಳಕ್ಕೆ ಅಂಜುತ್ತಿದ್ದಿರಿ, ಆಗ ಮನೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿ, ಹೇಳಿದ್ದನ್ನು ಬರೆದಿಡಿ.